ಅರಿಶಿನ ಹಚ್ಚಿದ ಬೇರು

ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗಿಯರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ: ಫ್ಯಾನ್ ಆರಿಸಿ.

ಆರ್ಕಿಡ್ಡಿನ ಬೀಜ ಕಾಳಿನ ಹಾಗೆ ಇರುವುದಿಲ್ಲ, ಮುಖಕ್ಕೆ ಹಚ್ಚುವ ಪೌಡರಿನ ಹಾಗೆ ಇರುತ್ತದೆ. ಹೆಬ್ಬೆರಳಿನಷ್ಟು ಉದ್ದದ ಒಂದು ಕಾಯಿ ಬಿರಿದರೆ ಎಣಿಸಲಾರದಷ್ಟು ಬೀಜ, ಒಂದು ಉಸಿರಿಗೆ ಎಲ್ಲವೂ ಗಾಳಿಪಾಲು. ಅಫಜಲಪುರದ ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಸ್ಪಿರಿಟ್ ದೀಪದ ಮುಂದೆ ಕೂತು, ಬೆವರು ಬಾಟಲಿಯೊಳಗೆ ಬೀಳದಂತೆ ಸೆರಗಿನಿಂದ ಹಣೆ ಒತ್ತಿಕೊಳ್ಳುತ್ತ ಮಾಡುವ ಕೆಲಸ ಇದು. ನಾನೇ ಒಮ್ಮೆ ಸೀನಿ, ಅರ್ಧ ಕಾಯಿಯ ಬೀಜವನ್ನು ಎದುರಿನ ಗೋಡೆಗೆ ಬಿತ್ತಿದ್ದೇನೆ. ಗೋಡೆಯ ಮೇಲೆ ಏನೂ ಮೊಳೆಯಲಿಲ್ಲ.

ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಗುಲ್ಬರ್ಗಾದ ಒಂದು ಕಾನ್ವೆಂಟಿನಲ್ಲಿ ಹತ್ತನೆಯವರೆಗೆ ಕಲಿತು, ಅಫಜಲಪುರದ ಒಬ್ಬ ಮಾಸ್ತರರನ್ನು ಮದುವೆಯಾಗಿ, ಮನೆ ನೋಡಿಕೊಂಡಿದ್ದವಳು. ಕಾನ್ವೆಂಟಿನಿಂದ ಮೂರು ಸಂಗತಿ ತಂದಿದ್ದೆ: ದುಂಡನೆಯ ಕೈಬರಹ, ಕಾಣದಂತೆ ಹೊಲಿಗೆ ಹಾಕುವುದು, ಮತ್ತು ಯಾವ ಡಬ್ಬಿಗೂ ಚೀಟಿ ಅಂಟಿಸದೆ ಬಿಡದ ಅಭ್ಯಾಸ. ಈ ಮೂರಕ್ಕೂ ಮುಂದೆ ಸಂಬಳ ಬಂತು.

ನನ್ನನ್ನು ಕೆಲಸಕ್ಕೆ ಸೇರಿಸಿದ್ದು ಒಂದು ಪ್ರೆಶರ್ ಕುಕ್ಕರ್. ಯಜಮಾನರ ಗೆಳೆಯರು ಹಿರೇಮಠ ಸರ್ ಅಂತ, ನನ್ನನ್ನು ಅತ್ತಿಗೆಯ ಹಾಗೆ ವೈನಿ ಅನ್ನುತ್ತಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು, ಊರ ಹೊರಗಿನ ಒಂದು ನರ್ಸರಿಯ ಕೋಣೆಯಲ್ಲಿ ಸಣ್ಣ ಯೋಜನೆ ನಡೆಸುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ಬಂದು, "ವೈನಿ, ನಿಮ್ಮ ಕುಕ್ಕರ ಎರಡ ದಿನ ಕೊಡ್ರಿ. ಬಾಟ್ಲಿ ಕುದಿಸೋ ನಮ್ಮ ಯಂತ್ರ ಕೆಟ್ಟದ" ಅಂದರು. ಕೊಟ್ಟೆ. ಎರಡು ದಿನದ ಮೇಲೆ ತಳ ಕರ್ರಗಾಗಿ ಬಂತು.

"ಸರ್, ಎಷ್ಟ ಸೀಟಿ ಹೊಡಿಸಿದ್ರಿ?"

"ಎಣಿಸಲಿಲ್ರಿ. ಓದಾಕತ್ತಿದ್ದೆ."

ಯಜಮಾನರು ನಕ್ಕಿದ್ದೇ ನಕ್ಕಿದ್ದು. ಮರುದಿನ ಕುಕ್ಕರ್ ಹೇಗೆ ಇಡಬೇಕೆಂದು ತೋರಿಸಿ ಬರಲು ಹೋದವಳು ಹದಿನೇಳು ವರ್ಷ ಅಲ್ಲೇ ಇದ್ದೆ. ನನ್ನ ಹುದ್ದೆಯ ಹೆಸರು ಮೂರು ಸಲ ಬದಲಾಯಿತು, ಕುಕ್ಕರ್ ಮಾತ್ರ ಬದಲಾಗಲಿಲ್ಲ.

ಕೆಲಸ ಏನೆಂದರೆ, ಮಣ್ಣೂರಿನ ಭೀಮಾ ದಂಡೆಯ ಹಳೇ ಮಾವುಗಳ ಮೇಲೆ, ಆಳಂದದ ರಸ್ತೆಯ ಬೇವುಗಳ ಮೇಲೆ, ಜೇವರ್ಗಿ ಕಡೆಯ ಹುಣಸೆಗಳ ಮೇಲೆ ಒಂದು ಜಾತಿಯ ಆರ್ಕಿಡ್ ಇರುತ್ತಿತ್ತು. ಹೂವಿಗೆ ಮಾಸಿದ ಹಳದಿ ಬಣ್ಣ, ಅದರ ಮೇಲೆ ಕಂದು ಚೌಕಳಿ, ನಡುವೆ ನೀಲಿ ನಾಲಿಗೆ. ಹತ್ತಿರ ಹೋದರೆ ಸಣ್ಣ ಪರಿಮಳ. ಅದು ಕಾಣೆಯಾಗುತ್ತಿತ್ತು. ಕೀಲುನೋವಿನ ಔಷಧಿಗೆಂದು ಅದರ ಬೇರು ಕಿತ್ತು ಮಾರುವವರು ಒಂದು ಕಡೆ, ಅದು ಮರದ ರಸ ಹೀರುವ ಬದನಿಕೆ ಎಂದು ತಿಳಿದು ಕಿತ್ತೆಸೆಯುವ ರೈತರು ಇನ್ನೊಂದು ಕಡೆ. ಬೀಜದಿಂದ ಸಸಿ ಮಾಡಿ ಅದೇ ಮರಗಳ ಮೇಲೆ ಮತ್ತೆ ಕೂರಿಸಬೇಕು ಎನ್ನುವುದು ಸರ್ ಹಟ.

ಮೊದಲ ಕೆಲವು ವರ್ಷ ನಾವು ಸೋತೆವು, ಅದೂ ಚೆಂದಾಗಿ ಸೋತೆವು. ಬಾಟಲಿಯೊಳಗೆ ಸಕ್ಕರೆ, ಬಾಳೆಹಣ್ಣಿನ ತಿರುಳು, ಒಂದಿಷ್ಟು ಲವಣ ಹಾಕಿ ಬೀಜ ಬಿತ್ತುತ್ತಿದ್ದೆವು. ಸಸಿಗಳು ದುಂಡುದುಂಡಾಗಿ ಬೆಳೆದವು. ನೋಡಲು ಬಂದವರೆಲ್ಲ ಹೊಗಳಿದರು. ಆಳಂದದ ರಸ್ತೆಯ ಬೇವುಗಳಿಗೆ ಕಟ್ಟಿದೆವು. ಯುಗಾದಿ ಮುಗಿದು ಬಿಸಿಲು ಏರಿದ್ದೇ ಒಂದೊಂದಾಗಿ ಹಪ್ಪಳವಾದವು.

ನಮ್ಮ ಜೊತೆ ಮರ ಹತ್ತುವ ಕೆಲಸಕ್ಕಿದ್ದವರು ಮಹಬೂಬ ಚಾಚಾ. ಏಣಿಯ ತುದಿಯಿಂದಲೇ ಹೇಳಿದರು: "ಅಕ್ಕೋರ, ಬಾಟ್ಲಿಯೊಳಗ ಕುಂತು ಸಕ್ಕರಿ ತಿಂದ ಮಕ್ಕಳ್ರಿ ಇವು. ಬಿಸಲಾಗ ದುಡದು ತಿನ್ನು ಅಂದ್ರ ಹೆಂಗ ತಿಂತಾವ?"

ಚಾಚಾ ಮೊದಲು ಇದೇ ಗಿಡದ ಬೇರು ಕಿತ್ತು ವ್ಯಾಪಾರಿಗಳಿಗೆ ಮಾರುತ್ತಿದ್ದವರು. ಸರ್ ಅವರನ್ನು ಹುಡುಕಿ ಕರೆತಂದದ್ದೇ ಅದಕ್ಕೆ. ಯಾವ ಊರಿನ ಯಾವ ಮರದ ಯಾವ ಕೊಂಬೆಯಲ್ಲಿ ಗಿಡ ಇತ್ತು ಎನ್ನುವುದು ಕಿತ್ತವರಿಗಲ್ಲದೆ ಬೇರೆ ಯಾರಿಗೆ ಗೊತ್ತಿರುತ್ತದೆ? ತಮ್ಮ ಹಳೆಯ ಕಸುಬನ್ನು ಚಾಚಾ ಮುಚ್ಚಿಡುತ್ತಿರಲಿಲ್ಲ. "ಆವಾಗ ಕಿತ್ತಿದ್ದಕ್ಕ ರೊಕ್ಕ, ಈಗ ಕಟ್ಟಿದ್ದಕ್ಕ ಪಗಾರ. ಈ ಗಿಡ ನನ್ನ ಮನಿ ನಡಸ್ತದ್ರಿ" ಅಂತ ನಗುತ್ತಿದ್ದರು.

ಸಕ್ಕರೆಯ ಮಾತು ಸರ್ ತಲೆಯಲ್ಲಿ ಕೂತಿತು. ಈ ಬೀಜದಲ್ಲಿ ಬುತ್ತಿ ಇರುವುದಿಲ್ಲ. ಕಾಡಿನಲ್ಲಿ ಅದು ಮೊಳೆಯಬೇಕಾದರೆ ತೊಗಟೆಯಲ್ಲಿರುವ ಒಂದು ಬಗೆಯ ಶಿಲೀಂಧ್ರ, ಅಂದರೆ ನಮ್ಮ ಅಡುಗೆಮನೆಯ ಭಾಷೆಯಲ್ಲಿ ಬೂಷ್ಟು, ಒಳಗೆ ಹೊಕ್ಕು ತುತ್ತು ಕೊಡಬೇಕು. ನಾವು ಆ ಬೂಷ್ಟನ್ನೇ ಹೊರಗಿಟ್ಟು ಸಕ್ಕರೆ ಕೊಟ್ಟಿದ್ದೆವು. ಇನ್ನು ಮುಂದೆ ಬೀಜದ ಜೊತೆ ಬೂಷ್ಟನ್ನೂ ಬಿತ್ತುವುದು ಎಂದಾಯಿತು. ಅತ್ತೆಗೆ ಹೇಳಿದಾಗ, "ಜೀವಮಾನ ಪೂರ್ತಿ ಬೂಷ್ಟ ತೊಳದೀವಿ. ನೀ ಬೆಳಸಾಕ ಹೊಂಟಿ" ಅಂದರು.

ಬೂಷ್ಟು ಸಿಗುವುದು ಗಿಡದ ಬೇರಿನಲ್ಲೇ. ತಿಂಗಳುಗಟ್ಟಲೆ ಬೇರು ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೂ ನನಗೆ ಏನೂ ಕಾಣಲಿಲ್ಲ. ಆಮೇಲೆ ಒಂದು ಸಣ್ಣ ಸಂಗತಿ ಗಮನಿಸಿದೆ. ಚಾಚಾ ತರುತ್ತಿದ್ದದ್ದು ಗಾಳಿಯಲ್ಲಿ ಜೋತುಬಿದ್ದ ಬೇರು, ಕೀಳಲು ಸುಲಭ ಅಂತ. ತೊಗಟೆಗೆ ಅಂಟಿ ಚಪ್ಪಟೆಯಾದ ಬೇರು ಬೇಕು ಅಂದೆ. ಅದರ ಅಂಟಿದ ಮಗ್ಗುಲನ್ನು ತೆಳ್ಳಗೆ ಕೊಯ್ದು ನೋಡಿದರೆ, ಒಂದೊಂದು ಕೋಶದೊಳಗೆ ದಾರದ ಉಂಡೆ ಸುತ್ತಿಟ್ಟ ಹಾಗೆ! ಹೊಲಿಗೆ ಪೆಟ್ಟಿಗೆಯ ದಾರದ ಹಾಗೇ. ಸರ್ ನೋಡಿ, ಕನ್ನಡಕ ತೆಗೆದು, ಮತ್ತೆ ನೋಡಿ, "ವೈನಿ, ಚಾ ತರಸ್ರಿ" ಅಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅದನ್ನು ಬೆಳೆಸಲು ಓಟ್ಸ್ ಹಿಟ್ಟು ಬೇಕೆಂದು ಪುಸ್ತಕದಲ್ಲಿತ್ತು. ನಮ್ಮ ಊರಲ್ಲಿ ಓಟ್ಸ್ ಯಾರು ಕಂಡಿದ್ದರು? ಸೊಲ್ಲಾಪುರದಿಂದ ತರಿಸಿದ ಒಂದು ಡಬ್ಬಿ ಮುಗಿದ ಮೇಲೆ ನಾನು ಮಾಲದಂಡಿ ಜೋಳ ತರಿತರಿಯಾಗಿ ಬೀಸಿ, ಗಂಜಿ ಕಾಸಿ, ಗಟ್ಟಿಯಾಗಲು ಚೈನಾ ಗ್ರಾಸ್ ಹಾಕಿದೆ. ರಂಜಾನಿನಲ್ಲಿ ಫಾಲೂದಕ್ಕೆ ಹಾಕುತ್ತಾರಲ್ಲ, ಅದೇ. ಚಾಚಾನ ಹೆಂಡತಿಯೇ ಅಂಗಡಿ ತೋರಿಸಿದ್ದು. ಜೋಳದ ಗಂಜಿಯ ಮೇಲೆ ನಮ್ಮ ಬೂಷ್ಟು ಕೆನೆ ಹರಡಿದ ಹಾಗೆ ಹರಡಿತು. ಅದರ ಮೇಲೆ ಬಿತ್ತಿದ ಬೀಜ ತಡವಾಗಿ ಮೊಳೆತವು, ಸಸಿಗಳೂ ಬಡಕಲು. ಆದರೆ ಬಾಟಲಿಯಿಂದ ಹೊರಗೆ ಬಂದ ಮೇಲೆ ಬದುಕಿದವು.

ಇನ್ನು ಆ ಬೀಜ ಬಂದ ಮರದ ಒಡತಿ ಗಂಗವ್ವ ಆಯಿಯ ಸಂಗತಿ. ಮಣ್ಣೂರಿನಲ್ಲಿ ಅವರದೊಂದು ಮಾವಿನ ತೋಪು. ಅದರ ಒಂದು ಹಳೇ ಮರದಲ್ಲಿ ಒಂದೇ ಒಂದು ಆರ್ಕಿಡ್ ಉಳಿದಿತ್ತು. ನಾವು ಓಡಾಡುವಷ್ಟು ದೂರದಲ್ಲಿ ಹೂ ಬಿಡುವಷ್ಟು ದೊಡ್ಡದು ಅದೊಂದೇ. ಬೆಂಕಿಕಡ್ಡಿಯ ತುದಿಯಿಂದ ಹೂವಿಗೆ ಪರಾಗ ಮುಟ್ಟಿಸಿ, ಕಾಯಿ ಕಚ್ಚಿದ ಮೇಲೆ, ಬಿರಿದು ಹಾರಿ ಹೋಗದಿರಲೆಂದು ತೆಳ್ಳನೆಯ ಮಲ್ ಬಟ್ಟೆಯ ಚೀಲ ಹೊಲಿದು ಕಟ್ಟಿದೆ. ಆಯಿ ಬುಡದಲ್ಲಿ ನಿಂತು ನೋಡಿದರು.

"ಏನ ಬೇ ತಂಗಿ, ಬದನಿಕಿಗೆ ಅಂಗಿ ಹೊಲದಿ? ನಮ್ಮ ಮೊಮ್ಮಗಗೊಂದು ಹೊಲೀಬಾರದಾ?"

"ಅದಕ್ಕೂ ಹೊಲೀತೇನ್ರಿ ಆಯಿ. ಇದು ಬದನಿಕಿ ಅಲ್ರಿ."

"ಅಲ್ಲ ಅಂದ್ರ ಹೆಂಗ? ಹೋದ ವರ್ಷ ಕಾಯಿ ಕಡಿಮಿ ಆದ್ವು. ಇದs ಹೀರಾಕತ್ತದ. ನಾಳಿ ಕಿತ್ತ ಒಗಿಸ್ತೀನಿ ನೋಡು."

ಮಾತಿನಿಂದ ಆಗುವ ಕೆಲಸವಲ್ಲ ಎನಿಸಿತು. ಪಕ್ಕದ ಮರದಲ್ಲಿ ನಿಜವಾದ ಬದನಿಕೆ ಇತ್ತು. ಆ ಕೊಂಬೆಯನ್ನು ಚಾಚಾ ಕೈಯಿಂದ ಕಡಿಸಿ ಸೀಳಿ ತೋರಿಸಿದೆ. ಬದನಿಕೆಯ ಬೇರು ಕಟ್ಟಿಗೆಯೊಳಗೆ ಇಳಿದು ಗಂಟು ಕಟ್ಟಿತ್ತು. ಆಮೇಲೆ ಆರ್ಕಿಡ್ಡಿನ ಒಂದು ಬೇರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಕೆಳಗೆ ತೊಗಟೆ ಹಾಗೇ ಇತ್ತು, ಒಂದು ಗೀರೂ ಇಲ್ಲ.

ಆಯಿ ಏಣಿಯ ಎರಡು ಮೆಟ್ಟಿಲು ಹತ್ತಿ ಮುಟ್ಟಿ ನೋಡಿದರು. "ಹಂಗಾರ ಇದು ಪಡಸಾಲ್ಯಾಗ ಕೂಡ್ತದ, ಅಡಿಗಿ ಮನಿಗೆ ಬರಂಗಿಲ್ಲ" ಅಂದರು. ಆ ವರ್ಷ ಕಾಯಿ ಉಳಿಯಿತು. ಅದರ ಬೀಜದಲ್ಲಿ ಅರ್ಧ ಬಿತ್ತಿ, ಅರ್ಧವನ್ನು ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ, ಚೀಟಿ ಅಂಟಿಸಿ, ನಮ್ಮ ಮನೆಯ ಫ್ರಿಜ್ಜಿನಲ್ಲಿ ಮಜ್ಜಿಗೆ ಪಾತ್ರೆಯ ಹಿಂದೆ ಇಟ್ಟೆ. ಮುಂದಿನ ಮಳೆಗಾಲದ ಗಾಳಿಗೆ ಆ ಕೊಂಬೆಯೇ ಮುರಿದು ಬಿತ್ತು, ತಾಯಿಗಿಡ ಹೋಯಿತು. ಇನ್ನು ಉಳಿದದ್ದು ನಮ್ಮ ಬಾಟಲಿಗಳಲ್ಲಿದ್ದ ಮಕ್ಕಳು ಮತ್ತು ಮಜ್ಜಿಗೆಯ ಹಿಂದಿನ ಕೊಳವೆ.

ಎರಡು ವರ್ಷ ಸಾಕಿದ ಸಸಿಗಳನ್ನು ಎರಡು ಪಾಲು ಮಾಡಿದೆವು. ಒಂದು ಪಾಲನ್ನು ಚಾಚಾ ಜೇವರ್ಗಿ ಕಡೆಯ ಅಂದೋಲಾದ ಹುಣಸೆ ಮರಗಳಿಗೆ ಕಟ್ಟಿ ಬಂದರು. ಇನ್ನೊಂದು ಪಾಲು ಮಣ್ಣೂರಿಗೆ, ಗಂಗವ್ವ ಆಯಿಯ ತೋಪಿಗೆ. ಅಲ್ಲಿಗೆ ನಾನೂ ಹೋದೆ. ಚಾಚಾ ಮೇಲಿನ ಕೊಂಬೆಗೆ ಹಗ್ಗ ಹಾಕುವಷ್ಟರಲ್ಲಿ ನಾನು ಒಂದೊಂದೇ ಸಸಿಯನ್ನು ಬುಟ್ಟಿಯಿಂದ ತೆಗೆದು, ತೆಂಗಿನ ನಾರು ಸುತ್ತಿ ಕೊಡಬೇಕು. ಬಸ್ಸಿನ ಕುಲುಕಾಟಕ್ಕೆ ಹಲವು ಬೇರುಗಳ ತುದಿ ಮುರಿದಿದ್ದವು. ನನ್ನ ಕೈಚೀಲದಲ್ಲಿ ಒಂದು ಸಣ್ಣ ಡಬ್ಬಿ ಯಾವಾಗಲೂ ಇರುತ್ತಿತ್ತು. ಮಕ್ಕಳು ಬಿದ್ದರೆ, ಈಳಿಗೆ ತಾಗಿದರೆ, ಕೈ ತಾನಾಗಿ ಅದಕ್ಕೇ ಹೋಗುತ್ತದೆ. ಅರಿಶಿನ. ಮುರಿದ ಬೇರಿನ ತುದಿಗೆಲ್ಲ ಹಚ್ಚಿದೆ. ಹಚ್ಚುತ್ತ ಹಚ್ಚುತ್ತ, ಮುರಿಯದವಕ್ಕೂ ಯಾಕಿರಬಾರದು ಎನಿಸಿತು.

"ಶಾಣ್ಯಾಕಿ ಬೇ" ಅಂದರು ಆಯಿ. "ಗಾಯ ಲಗೂನ ಮಾಯ್ತದ."

ಮೂರು ತಿಂಗಳಿಗೆ ಅಂದೋಲಾದ ಸಸಿಗಳು ಹುಣಸೆಯನ್ನು ಗಟ್ಟಿಯಾಗಿ ಹಿಡಿದಿದ್ದವು. ಮಣ್ಣೂರಿನವು ಒಣಗುತ್ತಿದ್ದವು. ಸರ್ ನೋಡಲು ಬಂದರು. ಬೇರುಗಳ ತುದಿ ಕರಗಿ, ಕಪ್ಪು ಎಳೆಯಷ್ಟೇ ಉಳಿದಿತ್ತು. ದೂರದಿಂದ ನೋಡಿದರೆ ಯಾರೋ ಚಿವುಟಿದ ಹಾಗೆ. ಸರ್ ಸಿಟ್ಟಿನ ಮನುಷ್ಯ. ಒಂದೊಂದೇ ಕೊಂಬೆ ನೋಡಿ, ಗಂಗವ್ವ ಆಯಿ, ನಾನು, ತೋಪಿನ ಆಳುಗಳು ಎಲ್ಲರ ಎದುರಿಗೇ ಚಾಚಾನ ಕಡೆ ತಿರುಗಿದರು.

"ಮಹಬೂಬ, ಹಳೇ ಚಾಳಿ ಬಿಟ್ಟಿಲ್ಲ ನೀ. ಬೇರ ಎಲ್ಲಿ ಮಾರಿದಿ?"

ಚಾಚಾ ಏಣಿಯನ್ನು ಮರಕ್ಕೆ ಸರಿಯಾಗಿ ಒರಗಿಸಿ, ಅದು ಜಾರದಂತೆ ಬುಡಕ್ಕೆ ಕಲ್ಲು ಕೊಟ್ಟು, ರುಮಾಲು ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದರು. ಆ ಕಲ್ಲು ಕೊಟ್ಟದ್ದನ್ನು ನಾನು ಮರೆತಿಲ್ಲ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ನಾನು ಸರ್ ಜೊತೆ ವಾದ ಮಾಡಿದೆ. ಅವರು ಯಾವಾಗಲೂ ಹೇಳುವ ಮಾತನ್ನೇ ಹೇಳಿದರು: "ಅನಸಿಕಿ ಬ್ಯಾಡ್ರಿ ವೈನಿ, ತೋರಸ್ರಿ."

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.

ಎರಡು ವಾರದ ಮೇಲೆ ಗಂಗವ್ವ ಆಯಿ ಉಪ್ಪಿನಕಾಯಿಗೆಂದು ಒಂದು ಚೀಲ ಎಳೇ ಮಾವಿನಕಾಯಿ ಕಳಿಸಿದರು. ನಾನೂ ಅತ್ತೆಯೂ ಹೋಳು ಮಾಡಿ, ಉಪ್ಪು ಹಾಕಿ ಕಲಸುತ್ತಿದ್ದೆವು. ನನ್ನ ಮನಸ್ಸು ಅಲ್ಲಿರಲಿಲ್ಲ. ಅತ್ತೆ ನನ್ನ ಕೈ ಹಿಡಿದರು.

"ಅರಿಶಿಣ ಇಷ್ಟs? ಇನ್ನೊಂದ ಮುಷ್ಟಿ ಹಾಕು. ಕಡಿಮಿ ಆದ್ರ ಬೂಷ್ಟ ಹಿಡೀತದ."

ಮದುವೆಯಾದಾಗಿನಿಂದ ವರ್ಷವರ್ಷ ಕೇಳಿದ ಮಾತು. ಬೂಷ್ಟು ಬರದಿರಲೆಂದು ಉಪ್ಪಿನಕಾಯಿಗೆ ಅರಿಶಿನ ಹಾಕುವವಳು, ಬೂಷ್ಟಿನ ಮೇಲೆಯೇ ಬದುಕುವ ಸಸಿಗೂ ಅದನ್ನೇ ಹಚ್ಚಿದ್ದೆ. ಅಡುಗೆಮನೆಯಲ್ಲಿ ಗೊತ್ತಿದ್ದದ್ದು ತೋಪಿನಲ್ಲಿ ಗೊತ್ತಿರಲಿಲ್ಲ.

ಕೈ ತೊಳೆದುಕೊಂಡು ಅಂದೇ ಕೋಣೆಗೆ ಹೋದೆ. ಜೋಳದ ಗಂಜಿಯ ಎರಡು ತಟ್ಟೆಗಳಲ್ಲಿ ನಮ್ಮ ಬೂಷ್ಟು ಬಿಟ್ಟೆ. ಒಂದರ ನಡುವೆ ತವೆಯ ಮೇಲೆ ಬಿಸಿ ಮಾಡಿ ಆರಿಸಿದ ಒಂದು ಚಿಟಿಕೆ ಅರಿಶಿನ ಇಟ್ಟೆ. ಐದು ದಿನ ಬೇಕಾಯಿತು. ಆ ಐದು ದಿನವೂ ಚಾಚಾ ಮನೆಯಲ್ಲೇ ಕೂತಿದ್ದರು. ಮೊದಲ ದಿನವೇ ಸರ್ ಬಳಿ ಹೋಗಿ 'ತಪ್ಪು ನನ್ನದು' ಎನ್ನಬಹುದಿತ್ತು. ಅನ್ನಲಿಲ್ಲ. ಪುರಾವೆ ಬೇಕಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಪುರಾವೆ ಬೇಕಾಗಿದ್ದದ್ದು ನಿಜ, ಹೆದರಿದ್ದೂ ನಿಜ. ಮಣ್ಣೂರಿನ ಎಲ್ಲ ಸಸಿಗಳನ್ನೂ ಕೊಂದದ್ದು ನನ್ನ ಕೈ ಎಂದು ಹೇಳುವುದು ಸುಲಭವಲ್ಲ. ನೀವು ಈ ಕೆಲಸಕ್ಕೆ ಬರುವವರು, ಇಷ್ಟು ನೆನಪಿಡಿ: ಪರೀಕ್ಷೆಗೆ ಐದು ದಿನ ಹಿಡಿಯಲಿ, ತಪ್ಪು ಒಪ್ಪಿಕೊಳ್ಳುವುದಕ್ಕೆ ಹಿಡಿಯಬಾರದು.

ಆರನೆಯ ದಿನ ಎರಡೂ ತಟ್ಟೆಗಳನ್ನು ಸರ್ ಮೇಜಿನ ಮೇಲಿಟ್ಟೆ. ಒಂದರಲ್ಲಿ ಬಿಳಿ ಕೆನೆ ಅಂಚಿನವರೆಗೆ ಹರಡಿತ್ತು. ಇನ್ನೊಂದರಲ್ಲಿ ಅರಿಶಿನದ ಸುತ್ತ ಬಳೆಯಗಲ ಖಾಲಿ.

"ಮಣ್ಣೂರಾಗ ಎಲ್ಲಾ ಬೇರಿಗೂ ನಾ ಅರಿಶಿಣ ಹಚ್ಚಿದ್ದೆ ಸರ್. ಅಂದೋಲಾದಾಗ ಚಾಚಾ ಏನೂ ಹಚ್ಚಿಲ್ಲ."

ಸರ್ ಒಂದೊಂದೇ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈಗುಳಕ್ಕೆ ಕಾಯುತ್ತ ನಿಂತಿದ್ದೆ. ಅವರು ತಟ್ಟೆ ಕೆಳಗಿಟ್ಟು, "ಅರಿಶಿಣ ಹಚ್ಚಿದವ್ರು ನೀವು. ಮಾತು ಅಂದಾವ ನಾ. ಯಾವದು ದೊಡ್ಡದು ಆಮ್ಯಾಲ ನೋಡೂಣು. ನಡ್ರಿ" ಅಂದರು.

ಚಾಚಾ ಮನೆಯ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದರು. ಸರ್ ನಿಂತುಕೊಂಡೇ ಎಲ್ಲ ಹೇಳಿದರು. ಚಾಚಾ ಕೇಳಿ, ಹಗ್ಗ ಪಕ್ಕಕ್ಕಿಟ್ಟರು.

"ಸಾಹೇಬ್ರ, ಬೇರ ಕದಿಯೂಮುಂದ ಹತ್ತ ವರ್ಷ ಯಾರೂ ಹಿಡೀಲಿಲ್ಲ. ಕದೀಲಾರದಾಗ ಹಿಡದ್ರಿ."

ಆಮೇಲೆ ಚಾಚಾ ಎದ್ದು ರುಮಾಲು ಹೆಗಲಿಗೆ ಹಾಕಿಕೊಂಡರು.

"ಬರ್ತೇನ್ರಿ. ಖರೆ, ಇಲ್ಲಿ ಹೇಳಿದ್ದು ಸಾಲಂಗಿಲ್ಲ. ಗಂಗವ್ವಾಯಿ ಮುಂದ ಅಂದೀರಿ, ಗಂಗವ್ವಾಯಿ ಮುಂದs ಹೇಳ್ರಿ."

ಮರುದಿನ ಮೂವರೂ ಮಣ್ಣೂರಿನ ಬಸ್ಸು ಹತ್ತಿದೆವು. ತೋಪಿನಲ್ಲಿ ಆಯಿಯನ್ನು ಕರೆದು, ಅವತ್ತು ಇದ್ದ ಆಳುಗಳನ್ನೂ ಕರೆಸಿ, ಸರ್ ತಮ್ಮ ಪಾಠ ಮಾಡುವ ದೊಡ್ಡ ದನಿಯಲ್ಲೇ ಹೇಳಿದರು: "ಮಹಬೂಬ ಏನೂ ಮಾರಿಲ್ಲ. ನಾ ಸುಳ್ಳ ಅಪವಾದ ಹೊರಸಿದೆ." ಆಮೇಲೆ ನನ್ನ ಸರದಿ. ಹೇಳಿದೆ.

ಆಯಿ ಕೆನ್ನೆಯ ಮೇಲೆ ಬೆರಳಿಟ್ಟರು. "ಅಯ್ಯ ನನ ಶಿವನೇ, ಶಾಣ್ಯಾಕಿ ಅಂತ ನಾನೂ ಅಂದಿದ್ದೆಲ್ಲ ಬೇ! ಹಂಗಾರ ಇದರಾಗ ನಂದೂ ಪಾಲ ಅದ." ಚಾಚಾನ ಕಡೆ ತಿರುಗಿ, "ಏ ಮಹಬೂಬ, ಆ ಏಣಿ ನಮ್ಮ ಮರಕ್ಕs ನಿಂತದ. ಯಾರಿಗೂ ಮುಟ್ಟಗೊಟ್ಟಿಲ್ಲ. ಹತ್ತು ಮ್ಯಾಲ" ಅಂದರು.

ಮಜ್ಜಿಗೆಯ ಹಿಂದಿದ್ದ ಕೊಳವೆ ಹೊರಗೆ ಬಂತು. ಅದು ಬಿಟ್ಟರೆ ಬೇರೆ ಬೀಜ ಇರಲಿಲ್ಲ, ತಾಯಿಗಿಡವೂ ಇರಲಿಲ್ಲ. ಫ್ಯಾನ್ ಆರಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಎಲ್ಲವನ್ನೂ ಬಿತ್ತಿದೆ. ಸಸಿಯಾಗಲು ಮತ್ತೆ ಎರಡು ವರ್ಷ. ಈ ಸಲ ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಮುರಿದ ಬೇರಿಗೆ ಏನೂ ಹಚ್ಚಲಿಲ್ಲ. ಕೈ ಚೀಲದ ಕಡೆ ಹೋದದ್ದು ಮಾತ್ರ ಸುಳ್ಳಲ್ಲ. ಚಾಚಾ ಮೇಲಿಂದ ನೋಡಿ, "ಅಕ್ಕೋರ, ಆ ಡಬ್ಬಿ ಇಲ್ಲಿ ಕೊಡ್ರಿ. ಸಂಜಿಮುಂದ ಪಲ್ಯಾಕ್ಕ ಬೇಕು" ಅಂತ ನನ್ನಿಂದ ಅದನ್ನು ಕಸಿದುಕೊಂಡರು. ಸಸಿಗಳು ಹಿಡಿದವು. ಎಲ್ಲವೂ ಅಲ್ಲ, ಆದರೆ ಸಾಕಷ್ಟು.

ಹೂ ಬಿಡಲು ಇನ್ನೂ ಆರೇಳು ವರ್ಷ ಹಿಡಿಯಿತು. ಹೂ ಕಂಡ ದಿನ ಎಲ್ಲರೂ ಸಂಭ್ರಮಪಟ್ಟರು. ಸರ್ ಮಾತ್ರ ಅಷ್ಟು ನಗಲಿಲ್ಲ. "ಇವು ನಾವು ಕಟ್ಟಿದವು. ನಾವು ಕಟ್ಟಿದ್ದು ಹೂ ಬಿಟ್ರ ತೋಟಗಾರಿಕಿ ಆತು, ಅಷ್ಟ" ಅಂದರು. ಆ ಮಾತು ನನಗೆ ಆಗ ಒರಟಾಗಿ ಕೇಳಿಸಿತ್ತು.

ತೊಂಬತ್ತರ ದಶಕದ ನಡುವೆ, ನಾನು ಕೆಲಸ ಬಿಡುವ ವರ್ಷ, ಕೊನೆಯ ಸಲ ಮಣ್ಣೂರಿಗೆ ಹೋದೆವು. ಸರ್ ಕಣ್ಣು ಮಂದವಾಗಿತ್ತು, ಮರದ ಬುಡದಲ್ಲಿ ಆಯಿಯ ಪಕ್ಕ ಕಟ್ಟೆಯ ಮೇಲೆ ಕೂತಿದ್ದರು. ನಾನು ಪುಸ್ತಕ ಹಿಡಿದು, ಮರದ ಮೇಲಿಂದ ಚಾಚಾ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಕಟ್ಟಿದ ಪ್ರತಿ ಸಸಿಗೂ ನಾನು ಸುತ್ತಿದ ನಾರು ಮತ್ತು ನನ್ನ ದುಂಡನೆಯ ಕೈಬರಹದ ತಗಡಿನ ಚೀಟಿ. ಚಾಚಾ ಚೀಟಿ ಓದುವುದು, ನಾನು ಬರೆಯುವುದು. ಹೀಗೇ ನಡೆದಿತ್ತು. ಇದ್ದಕ್ಕಿದ್ದಂತೆ ಮೇಲಿಂದ ಮಾತು ನಿಂತಿತು.

"ಚಾಚಾ, ಚೀಟಿ ಓದ್ರಿ."

"ಚೀಟಿ ಇಲ್ರಿ ಅಕ್ಕೋರ."

"ಬಿದ್ದಿರಬೇಕು. ನಾರು ನೋಡ್ರಿ, ಬಣ್ಣದ ದಾರ ಕಟ್ಟೇನಿ."

ಚಾಚಾ ಇನ್ನೊಂದು ಕೊಂಬೆಗೆ ಜರುಗಿ, ಬಗ್ಗಿ ನೋಡಿದರು.

"ನಾರೂ ಇಲ್ರಿ. ಭಾಳ ಸಣ್ಣದದ, ಎರಡs ಎಲಿ. ಈ ಕೊಂಬಿಗೆ ನಾ ಯಾವತ್ತೂ ಕಟ್ಟಿಲ್ಲ. ಇದು ತಾನs ಬಂದದ."

ಕಟ್ಟೆಯ ಮೇಲಿದ್ದ ಸರ್ ಎದ್ದು ನಿಂತರು. ಕಾಣದ ಕಣ್ಣಿನಿಂದಲೇ ಮೇಲೆ ನೋಡುತ್ತ, ನನ್ನ ಕಡೆ ಕೈ ಚಾಚಿ, "ವೈನಿ, ಪುಸ್ತಕದಾಗ ಏನ ಬರದ್ರಿ?" ಅಂದರು.

ಪುಸ್ತಕದ ಪಟ್ಟಿಯ ನಾರು ಎನ್ನುವ ಮನೆಯಲ್ಲಿ 'ಇಲ್ಲ' ಎಂದು ಬರೆದಿದ್ದೆ. ಕಟ್ಟಿದವರು ಎನ್ನುವ ಮನೆಯಲ್ಲಿಯೂ 'ಇಲ್ಲ' ಎಂದು ಬರೆದು, ಓದಿ ಹೇಳಿದೆ.